ಗಟ್ಟಿ ನಾಡಿಯಿಂದ ಅಲೆಯ ವೇಗಕ್ಕೆ: ರಕ್ತನಾಳದ ಪೆಡಸುತನವನ್ನು ಅಳೆದ ಚರಿತ್ರೆ ಮತ್ತು ‘ಅಪಾಯ’ ಎಂಬ ಪದ

ನಾನು ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ಕನ್ನಡ ಸಾಹಿತ್ಯ ಓದುವವರಿಗೆ ರಕ್ತನಾಳದ ವಿಷಯ ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಒಂದು ಚೀಟಿ. ಅದನ್ನು ಹೇಳಿಯೇ ಮುಂದೆ ಹೋಗ್ತೇನೆ.

ನಮ್ಮೂರಿನ ಹತ್ತಿರ ಒಂದು ಆರೋಗ್ಯ ತಪಾಸಣಾ ಶಿಬಿರ ನಡೆದಿತ್ತು. ನನ್ನ ಅಜ್ಜನನ್ನು ಮಲಗಿಸಿ ಎರಡು ಕೈ, ಎರಡು ಕಾಲಿಗೆ ಪಟ್ಟಿ ಕಟ್ಟಿ ಒಂದು ಯಂತ್ರದಿಂದ ಚೀಟಿ ತೆಗೆದುಕೊಟ್ಟರು. ಅಂಕಿಗಳೆಲ್ಲ ಇಂಗ್ಲಿಷಿನಲ್ಲಿ. ಅಜ್ಜನಿಗೆ ಆಗ 68 ವರ್ಷ. ‘ರಕ್ತನಾಳದ ವಯಸ್ಸು’ ಎಂಬ ಕಡೆ 77 ಎಂದಿತ್ತು. ಕೆಳಗೆ ಮಲಯಾಳದಲ್ಲಿ ಎರಡು ಸಾಲು ಕೈಬರಹ. ಮನೆಗೆ ಬಂದವರೇ ನನ್ನನ್ನು ಕರೆದು, “ಎಂತ ಬರ್ದದ್ದು ಮಗಾ ಇದ್ರಲ್ಲಿ?” ಅಂತ ಕೇಳಿದರು. ಆ ಸಾಲಿನಲ್ಲಿ ‘ಅಪಕಟಸಾಧ್ಯತ’ ಎಂಬ ಪದ ಇತ್ತು. ನಾನು ಓದಿ ಹೇಳಿದೆ: “ಹೃದಯಕ್ಕೆ ಅಪಾಯ ಉಂಟು ಅಂತ.” ಅಜ್ಜ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆ ವರ್ಷ ಅವರು ಆಟ ನೋಡಲು ಹೋಗಲಿಲ್ಲ. ತೋಟಕ್ಕೆ ಇಳಿಯುವುದೂ ಕಡಿಮೆಯಾಯಿತು.

ನಾನು ಮಾಡಿದ ತಪ್ಪು ಏನು ಅನ್ನುವುದು ಅರ್ಥವಾಗಲಿಕ್ಕೆ ಈ ಅಳತೆಯ ಚರಿತ್ರೆಯನ್ನೇ ಓದಬೇಕಾಯಿತು. ಈ ಪ್ರಬಂಧ ಆ ಓದಿನ ಫಲ.

ಬೆರಳಿನ ಕಾಲ

ನಾಡಿ ನೋಡುವುದು ಬಹಳ ಹಳೆಯ ವಿದ್ಯೆ. ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ ಹೆರೋಫಿಲಸ್ ನೀರಿನ ಗಡಿಯಾರ ಇಟ್ಟುಕೊಂಡು ನಾಡಿಯನ್ನು ಎಣಿಸಿದ, ಅದರ ಲಯವನ್ನು ಸಂಗೀತದ ಲಯಕ್ಕೆ ಹೋಲಿಸಿದ. ಕ್ರಿ.ಶ. 2ನೇ ಶತಮಾನದ ಗ್ಯಾಲೆನ್ ನಾಡಿಯ ಮೇಲೆಯೇ ಹಲವು ಗ್ರಂಥಗಳನ್ನು ಬರೆದ. ಚೀನಾದಲ್ಲಿ 3ನೇ ಶತಮಾನದ ವಾಂಗ್ ಶೂಹೆ ನಾಡಿಯಲ್ಲಿ 24 ಬಗೆಗಳನ್ನು ಹೇಳಿದ. ಅವುಗಳಲ್ಲಿ ಒಂದು ಬಿಗಿದ ಬಿಲ್ಲಿನ ಹೆದೆಯಂಥ ನಾಡಿ.

ನಮ್ಮ ಕಡೆಗೆ ಬಂದರೆ, ಆಯುರ್ವೇದ ಅಂದರೆ ನಾಡಿ ಹಿಡಿಯುವುದು ಅಂತ ನಾವು ತಿಳಿದಿರುತ್ತೇವೆ. ಆದರೆ ಚರಕ, ಸುಶ್ರುತ ಸಂಹಿತೆಗಳಲ್ಲಿ ನಾಡಿಪರೀಕ್ಷೆಯ ವಿವರವಾದ ಪ್ರಕರಣ ಇಲ್ಲ. ಅದು ಸ್ಪಷ್ಟವಾಗಿ ಕಾಣಿಸುವುದು ಮಧ್ಯಯುಗದ ಶಾರ್ಙ್ಗಧರ ಸಂಹಿತೆಯಲ್ಲಿ. ಅಲ್ಲಿ ವಾತದ ನಾಡಿಗೆ ಜಿಗಣೆ ಮತ್ತು ಹಾವಿನ ನಡೆ, ಪಿತ್ತದ ನಾಡಿಗೆ ಕಾಗೆ, ಕಪ್ಪೆಗಳ ನಡೆ, ಕಫದ ನಾಡಿಗೆ ಹಂಸ, ಪಾರಿವಾಳಗಳ ನಡೆ.

ಸಾಹಿತ್ಯ ಓದುವವರಿಗೆ ಇದು ತಕ್ಷಣ ಹಿಡಿಸ್ತದೆ, ಯಾಕೆಂದರೆ ಇವೆಲ್ಲ ಉಪಮೆಗಳು. ಬೆರಳಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ದಾಟಿಸಲು ವೈದ್ಯರ ಬಳಿ ಇದ್ದ ಸಾಧನ ಉಪಮೆ ಮತ್ತು ವಿಶೇಷಣ. ಮೆತ್ತನೆಯ ನಾಡಿ, ಗಟ್ಟಿ ನಾಡಿ, ಹೆದೆಯಂಥ ನಾಡಿ. ಗುರು ಶಿಷ್ಯನ ಬೆರಳನ್ನು ಹಿಡಿದು ರೋಗಿಯ ಮಣಿಕಟ್ಟಿನ ಮೇಲೆ ಇಡದಿದ್ದರೆ ಆ ವಿಶೇಷಣಕ್ಕೆ ಅರ್ಥವೇ ಇಲ್ಲ.

ಗೆರೆಯ ಕಾಲ

ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ಸ್ಥಾಪಿಸಿದ ಮೇಲೆ ನಾಡಿಯ ಅರ್ಥ ಬದಲಾಯಿತು. ಹೃದಯ ತಳ್ಳಿದ ರಕ್ತಕ್ಕೆ ನಾಳದ ಗೋಡೆ ಉಬ್ಬಿ ಇಳಿಯುವುದೇ ನಾಡಿ ಅಂತ ಆಯಿತು. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ತನ್ನ ಪ್ರಯೋಗವನ್ನು ಪ್ರಕಟಿಸಿದ. ಕುದುರೆಯೊಂದರ ಧಮನಿಗೆ ಹಿತ್ತಾಳೆ ಕೊಳವೆ ಸೇರಿಸಿ ಮೇಲೆ ಗಾಜಿನ ಕೊಳವೆ ನಿಲ್ಲಿಸಿದಾಗ ರಕ್ತ 8 ಅಡಿಗೂ ಮೇಲೆ ಏರಿತ್ತು. ನಮ್ಮ ವಿಷಯಕ್ಕೆ ಬೇಕಾದದ್ದು ಹೇಲ್ಸನ ಇನ್ನೊಂದು ಮಾತು. ಬೆಂಕಿ ಆರಿಸುವ ಪಂಪಿನಲ್ಲಿ ಗಾಳಿ ತುಂಬಿದ ಒಂದು ಕೋಣೆ ಇರುತ್ತಿತ್ತು. ಪಂಪನ್ನು ಬಿಟ್ಟು ಬಿಟ್ಟು ಒತ್ತಿದರೂ ಆ ಗಾಳಿಯ ಒತ್ತಡದಿಂದ ನೀರು ಒಂದೇ ಸಮನೆ ಚಿಮ್ಮುತ್ತಿತ್ತು. ಸ್ಥಿತಿಸ್ಥಾಪಕ ಧಮನಿಗಳು ಮಾಡುವುದು ಇದೇ ಕೆಲಸ ಅಂತ ಹೇಲ್ಸ್ ಗುರುತಿಸಿದ. 1899ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್ ಇದಕ್ಕೆ ಗಣಿತದ ರೂಪ ಕೊಟ್ಟ.

1808ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಥಾಮಸ್ ಯಂಗ್ ಹೃದಯ ಮತ್ತು ಧಮನಿಗಳ ಕುರಿತು ಒಂದು ಉಪನ್ಯಾಸ ಕೊಟ್ಟ. ಭಾಷಾಶಾಸ್ತ್ರ ಓದಿದವರಿಗೆ ಈತನ ಪರಿಚಯ ಬೇರೆ ದಾರಿಯಿಂದ ಇರ್ತದೆ: ರೊಸೆಟ್ಟಾ ಶಿಲೆಯ ಲಿಪಿಯನ್ನು ಬಿಡಿಸಲು ಹೊರಟವರಲ್ಲಿ ಈತನೂ ಒಬ್ಬ. ವಸ್ತುಗಳ ಬಿಗಿತವನ್ನು ಹೇಳುವ ‘ಯಂಗ್ ಗುಣಾಂಕ’ವೂ ಈತನ ಹೆಸರಿನದೇ. ನಾಡಿಯ ಅಲೆ ಓಡುವ ವೇಗ ನಾಳದ ಗೋಡೆಯ ಸ್ಥಿತಿಸ್ಥಾಪಕತೆಯ ಮೇಲೆ ನಿಂತಿದೆ ಎಂಬ ವಿಚಾರವನ್ನು ಯಂಗ್ ಲೆಕ್ಕಕ್ಕೆ ತಂದ. 1878ರಲ್ಲಿ ಹಾಲೆಂಡಿನ ಮೋಯೆನ್ಸ್ ಮತ್ತು ಕೊರ್ಟೆವೆಗ್ ಅದನ್ನು ಇಂದಿಗೂ ಬಳಕೆಯಲ್ಲಿರುವ ಸಮೀಕರಣವಾಗಿ ಬರೆದರು. ಗೋಡೆ ಬಿಗಿಯಾದಷ್ಟೂ, ದಪ್ಪವಾದಷ್ಟೂ ಅಲೆ ವೇಗವಾಗಿ ಓಡುತ್ತದೆ. ನಾಳ ಅಗಲವಾದಷ್ಟೂ ನಿಧಾನವಾಗುತ್ತದೆ.

ಇಲ್ಲಿ ಒಂದು ವಿಷಯ ಗೊಂದಲ ಆಗಬಾರದು. ಓಡುವುದು ಅಲೆ, ರಕ್ತ ಅಲ್ಲ. ರಕ್ತದ ಹರಿವು ಅಲೆಗಿಂತ ಎಷ್ಟೋ ನಿಧಾನ. ಬಾವಿಯ ಹಗ್ಗವನ್ನು ಸಡಿಲವಾಗಿ ಕಟ್ಟಿ ಒಂದು ತುದಿ ಅಲ್ಲಾಡಿಸಿದರೆ ಅಲೆ ನಿಧಾನಕ್ಕೆ ಹೋಗ್ತದೆ, ಬಿಗಿದು ಕಟ್ಟಿದರೆ ಸರ್ರನೆ ಹೋಗ್ತದೆ. ಎರಡರಲ್ಲೂ ಹಗ್ಗ ಇದ್ದಲ್ಲೇ ಇರ್ತದೆ ಅಲ್ವಾ?

1860ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ಸ್ ಮಾರೆ ಮಣಿಕಟ್ಟಿಗೆ ಕಟ್ಟುವ ನಾಡಿ ರೇಖಾಯಂತ್ರವನ್ನು ರೂಪಿಸಿದ. ಬೆರಳಿಗೆ ಮಾತ್ರ ತಿಳಿಯುತ್ತಿದ್ದದ್ದು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಬಂತು. ಉಪಮೆ ಬೇಕಾಗಲಿಲ್ಲ. ಗೆರೆಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು.

ಈ ಗೆರೆಗಳನ್ನು ಗಮನವಿಟ್ಟು ಓದಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮದ್. ಈತನ ಅಜ್ಜ ಶೇಖ್ ದೀನ್ ಮಹಮದ್ ಪಟ್ನಾದಲ್ಲಿ ಹುಟ್ಟಿದವರು. 1794ರಲ್ಲಿ ಅವರು ಪ್ರಕಟಿಸಿದ ಪ್ರವಾಸ ಕಥನ ಭಾರತೀಯರೊಬ್ಬರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೊದಲ ಪುಸ್ತಕ ಅಂತ ನಮ್ಮ ಭಾರತೀಯ ಇಂಗ್ಲಿಷ್ ಸಾಹಿತ್ಯದ ಪಾಠದಲ್ಲಿ ಬರ್ತದೆ. ಮೊಮ್ಮಗ ವಿದ್ಯಾರ್ಥಿಯಾಗಿದ್ದಾಗಲೇ ಮಾರೆಯ ಯಂತ್ರವನ್ನು ಸುಧಾರಿಸಿದ. 1872ರಲ್ಲಿ ಆ ಕುರಿತು ಪ್ರಕಟಿಸಿದ. ಆ ಕಾಲದಲ್ಲಿ ನಾಡಿಯ ಬಿಗಿತ ಮೂತ್ರಪಿಂಡದ ಕಾಯಿಲೆಯ ಜೊತೆಗೇ ಬರುವ ಸಂಗತಿ ಅಂತ ತಿಳಿದಿದ್ದರು. ಮೂತ್ರಪಿಂಡ ಕೆಟ್ಟ ಲಕ್ಷಣ ಇಲ್ಲದವರಲ್ಲೂ ಅದು ಇರಬಹುದು, ಕಾಯಿಲೆಗಿಂತ ಮೊದಲೇ ಬಂದಿರಬಹುದು ಎಂದು ಮಹಮದ್ ವಾದಿಸಿದ. ವಯಸ್ಸಾದ ಹಾಗೆ ಅಲೆಯ ಆಕಾರ ಹೇಗೆ ಬದಲಾಗ್ತದೆ ಎಂದೂ ಗಮನಿಸಿದ. ಮುಂದೆ ಬ್ರಿಟಿಷ್ ವೈದ್ಯಕೀಯ ಸಂಘದ ಮೂಲಕ ಊರೂರಿನ ವೈದ್ಯರಿಗೆ ಕಾರ್ಡುಗಳನ್ನು ಕಳಿಸಿ ರೋಗಿಗಳ ವಿವರ ತುಂಬಿಸಿಕೊಳ್ಳುವ ಸಾಮೂಹಿಕ ಅಧ್ಯಯನಕ್ಕೂ ಕೈ ಹಾಕಿದ. 1884ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಆತನಿಗೆ 35 ವರ್ಷ. ಒಬ್ಬನ ನಾಡಿಯ ಸೂಕ್ಷ್ಮ ಓದು ಮತ್ತು ಸಾವಿರ ಜನರ ಲೆಕ್ಕ, ಈ ಎರಡೂ ಒಬ್ಬನ ಕೆಲಸದಲ್ಲಿ ಕೂಡಿದ್ದವು ಎಂಬುದನ್ನು ನೆನಪಿಟ್ಟುಕೊಳ್ಳೋಣ.

ಪಟ್ಟಿ ಬಂದಾಗ ಬಿಟ್ಟುಹೋದದ್ದು

1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತೊಸ್ಕೋಪ್ ಇಟ್ಟು ಕೇಳುವ ಕ್ರಮವನ್ನು ಹೇಳಿದ. ಮೇಲಿನ ಅಂಕಿ, ಕೆಳಗಿನ ಅಂಕಿ, 120, 80. ಇವತ್ತು ನಮ್ಮ ಮನೆ ಮನೆಯಲ್ಲಿ ‘ಬಿಪಿ’ ಅನ್ನುವುದು ಇದನ್ನೇ. ಕೆಲವೇ ವರ್ಷಗಳಲ್ಲಿ ಅಮೆರಿಕದ ಜೀವವಿಮಾ ಕಂಪನಿಗಳು ಪಾಲಿಸಿ ಕೊಡುವ ಮೊದಲು ಈ ಅಂಕಿಯನ್ನು ಕೇಳತೊಡಗಿದವು. ಎರಡು ಅಂಕಿ ಬರೆಯುವುದು ಸುಲಭ, ಹೋಲಿಸುವುದು ಸುಲಭ. ಗೆರೆ ಓದುವುದಕ್ಕೆ ಪರಿಣತಿ ಬೇಕು. ರೇಖಾಯಂತ್ರ ಮೂಲೆ ಸೇರಿತು.

ಪಟ್ಟಿಯಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಅದು ಹೇಳುವುದು ಆ ಹೊತ್ತಿನಲ್ಲಿ ರಕ್ತ ಗೋಡೆಯನ್ನು ಎಷ್ಟು ಒತ್ತುತ್ತಿದೆ ಎಂಬುದನ್ನು. ಗೋಡೆ ಹೇಗಿದೆ ಅನ್ನುವುದನ್ನು ಅದು ನೇರವಾಗಿ ಹೇಳುವುದಿಲ್ಲ. ‘ಗಟ್ಟಿ ನಾಡಿ’ ಎಂಬ ವಿಶೇಷಣದಲ್ಲಿ ಒತ್ತಡ, ಗೋಡೆ ಎರಡೂ ಬೆರೆತಿದ್ದವು. ವಿಶೇಷಣ ಅಂಕಿಯಾದಾಗ ಒಂದು ಉಳಿಯಿತು, ಇನ್ನೊಂದು ಬಿಟ್ಟುಹೋಯಿತು. 1922ರಲ್ಲಿ ಬ್ರಾಮ್‌ವೆಲ್ ಮತ್ತು ಎ. ವಿ. ಹಿಲ್ ಮನುಷ್ಯರಲ್ಲಿ ನಾಡಿ ಅಲೆಯ ವೇಗವನ್ನು ಅಳೆದು, ವಯಸ್ಸಿನೊಂದಿಗೆ ಅದು ಏರುವುದನ್ನು ತೋರಿಸಿದರು. ಆದರೂ ಅದು ಆಸ್ಪತ್ರೆಯ ದಿನನಿತ್ಯದ ಅಳತೆಯಾಗಲಿಲ್ಲ.

ಅಲೆಯ ವೇಗ

ಬಿಟ್ಟುಹೋದದ್ದು ತಿರುಗಿ ಬಂದದ್ದು 20ನೇ ಶತಮಾನದ ಕೊನೆಗೆ, ಯಂತ್ರಗಳು ಸುಲಭವಾದಾಗ. ಕ್ರಮ ಸರಳ. ಕತ್ತಿನ ಧಮನಿಯಲ್ಲಿ ಒಂದು ಕಡೆ, ತೊಡೆಸಂದಿನ ಧಮನಿಯಲ್ಲಿ ಒಂದು ಕಡೆ ನಾಡಿಯನ್ನು ಹಿಡಿಯುತ್ತಾರೆ. ಎರಡರ ನಡುವಿನ ದೂರವನ್ನು ಟೇಪಿನಲ್ಲಿ ಅಳೆಯುತ್ತಾರೆ. ಅಲೆ ಎಷ್ಟು ಹೊತ್ತು ತಡವಾಗಿ ಕೆಳಗೆ ತಲುಪಿತು ಅಂತ ನೋಡುತ್ತಾರೆ. ದೂರ ಅರ್ಧ ಮೀಟರ್, ತಡ ಸೆಕೆಂಡಿನ 20ರಲ್ಲಿ ಒಂದು ಭಾಗ ಅಂತಾದರೆ ವೇಗ ಸೆಕೆಂಡಿಗೆ 10 ಮೀಟರ್.

ಈ ವೇಗ ಹೃದಯದ ಮುಂದಿನ ದಿನಗಳ ಬಗ್ಗೆ ಯಾಕೆ ಹೇಳಬೇಕು? ಮಹಾಧಮನಿಯ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಇದೆ, ಕೊಲ್ಯಾಜೆನ್ ಎಂಬ ಹಿಗ್ಗದ ನಾರೂ ಇದೆ. ಎಲಾಸ್ಟಿನ್ ಬಹುಪಾಲು ಬಾಲ್ಯದಲ್ಲೇ ತಯಾರಾಗಿ ಮುಗಿಯುತ್ತದೆ. ಬದುಕಿನುದ್ದಕ್ಕೂ ಕೋಟಿಗಟ್ಟಲೆ ಬಡಿತಗಳಿಗೆ ಅದು ಹರಿಯುತ್ತಾ ಬಂದ ಹಾಗೆ ಭಾರ ಕೊಲ್ಯಾಜೆನ್ನಿನ ಮೇಲೆ ಬೀಳುತ್ತದೆ. ಗೋಡೆ ಪೆಡಸಾಗುತ್ತದೆ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ ಇದ್ದರೆ ಇನ್ನೂ ಬೇಗ. ಆಗ ಪ್ರತಿ ಬಡಿತದ ಅಲೆ ಬೇಗ ಓಡಿ, ಕವಲುಗಳಿಗೆ ತಾಗಿ, ಹೃದಯ ಇನ್ನೂ ರಕ್ತವನ್ನು ತಳ್ಳುತ್ತಿರುವಾಗಲೇ ಹಿಂದಕ್ಕೆ ಬಂದು ಎದುರಾಗುತ್ತದೆ. ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯಕ್ಕೆ ದುಡಿಮೆ ಹೆಚ್ಚು. ಆದರೆ ಅದರ ಸ್ನಾಯುವಿಗೆ ರಕ್ತ ಸಿಗುವುದು ಮುಖ್ಯವಾಗಿ ವಿರಾಮದಲ್ಲಿ, ಆಗಿನ ಒತ್ತಡವೇ ಕಡಿಮೆ. ಮಿದುಳು, ಮೂತ್ರಪಿಂಡಗಳ ಸಣ್ಣ ನಾಳಗಳಿಗೂ ಹೊಡೆತ ನೇರವಾಗಿ ತಲುಪುತ್ತದೆ.

1999ರಲ್ಲಿ ಫ್ರಾನ್ಸಿನ ಸಂಶೋಧಕರು ಮೂತ್ರಪಿಂಡ ವೈಫಲ್ಯದ 241 ರೋಗಿಗಳಲ್ಲಿ, 2001ರಲ್ಲಿ ಅಧಿಕ ರಕ್ತದೊತ್ತಡದ 1980 ರೋಗಿಗಳಲ್ಲಿ, ಅಲೆಯ ವೇಗ ಹೆಚ್ಚಿದ್ದವರಲ್ಲಿ ಸಾವು ಹೆಚ್ಚು ಎಂದು ತೋರಿಸಿದರು. 2010ರಲ್ಲಿ 17 ಅಧ್ಯಯನಗಳ, 15,877 ಜನರ ವಿವರಗಳನ್ನು ಒಟ್ಟು ಸೇರಿಸಿ ನೋಡಿದಾಗ, ವಯಸ್ಸು, ಲಿಂಗ ಮತ್ತು ಇತರ ಅಂಶಗಳನ್ನು ಸರಿದೂಗಿಸಿದ ಮೇಲೂ, ವೇಗ ಸೆಕೆಂಡಿಗೆ 1 ಮೀಟರ್ ಹೆಚ್ಚಾದರೆ ಹೃದಯ-ರಕ್ತನಾಳದ ಘಟನೆಗಳು ಸುಮಾರು ಶೇ. 14ರಷ್ಟು, ಅವುಗಳಿಂದಾಗುವ ಸಾವು ಶೇ. 15ರಷ್ಟು ಹೆಚ್ಚು ಎಂದು ಕಂಡಿತು.

ಚರಿತ್ರೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಕಿಯ ಪಾಡನ್ನು ನೋಡಬೇಕು. 2007ರ ಯುರೋಪಿನ ಮಾರ್ಗಸೂಚಿಯಲ್ಲಿ ಎಚ್ಚರಿಕೆಯ ಗೆರೆ ಸೆಕೆಂಡಿಗೆ 12 ಮೀಟರ್ ಇತ್ತು. 2012ರ ತಜ್ಞರ ಒಮ್ಮತದ ನಂತರ ಅದು 10 ಆಯಿತು. ಜನರ ರಕ್ತನಾಳ ಐದು ವರ್ಷದಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಟೇಪಿನ ಲೆಕ್ಕ: ಮೈಮೇಲೆ ಅಳೆದ ದೂರ ಅಲೆ ನಿಜವಾಗಿ ಸಾಗುವ ದಾರಿಗಿಂತ ಹೆಚ್ಚು ಎಂದು ಅದರ ಶೇ. 80ನ್ನು ಮಾತ್ರ ಹಿಡಿಯಲು ತೀರ್ಮಾನಿಸಿದರು. ನನ್ನ ಅಜ್ಜನಿಗೆ ಮಾಡಿದ ತೋಳು-ಕಣಕಾಲಿನ ಅಳತೆಯಲ್ಲಿ ದಾರಿಯೇ ಬೇರೆ. ಅಲ್ಲಿ ಅದೇ ಮನುಷ್ಯನಿಗೆ ಅಂಕಿ ಇನ್ನೂ ದೊಡ್ಡದಾಗಿ ಬರ್ತದೆ. ಒಂದರ ಗೆರೆಯನ್ನು ಇನ್ನೊಂದಕ್ಕೆ ಹಚ್ಚುವ ಹಾಗಿಲ್ಲ. ಅಳೆಯುವ ಹೊತ್ತಿನ ರಕ್ತದೊತ್ತಡವೂ ಅಂಕಿಯನ್ನು ಏರಿಸುತ್ತದೆ, ಇಳಿಸುತ್ತದೆ.

ವೈದ್ಯಲೋಕವೂ ಈ ಅಳತೆಯನ್ನು ಕಣ್ಣುಮುಚ್ಚಿ ಒಪ್ಪಿಲ್ಲ. ಲಕ್ಷಣಗಳಿಲ್ಲದ ಜನರಲ್ಲಿ ಸಂಶೋಧನೆಯ ಹೊರಗೆ ಇದನ್ನು ಬಳಸುವುದು ಬೇಡ ಎಂದು ಅಮೆರಿಕದ ಮಾರ್ಗಸೂಚಿ 2010ರಲ್ಲಿ ಹೇಳಿತು. 2021ರ ಯುರೋಪಿನ ಮಾರ್ಗಸೂಚಿಯೂ ವ್ಯಾಪಕ ಬಳಕೆಯ ಪರವಾಗಿಲ್ಲ. ಅದೇ ವರ್ಷ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ ಅಧಿಕ ರಕ್ತದೊತ್ತಡದ 536 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಲೆಯ ವೇಗವನ್ನು ನೋಡಿಕೊಂಡು ಚಿಕಿತ್ಸೆ ಕೊಟ್ಟರು. ನಾಳ ಪೆಡಸಾಗುವುದು ಆ ಗುಂಪಿನಲ್ಲಿ ತಗ್ಗಿತು. ಆದರೆ ಹೃದಯದ ಘಟನೆಗಳಲ್ಲಿ ಖಚಿತವೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದರೆ, ಮುಂದಿನದನ್ನು ಸೂಚಿಸುವ ಶಕ್ತಿ ಅಂಕಿಗೆ ಇದೆ; ಅದನ್ನು ನೋಡಿಕೊಂಡು ಮದ್ದು ಮಾಡಿದರೆ ಜೀವ ಉಳಿಯುತ್ತದೆ ಎಂಬುದು ಇನ್ನೂ ಸಾಬೀತಾಗಬೇಕು.

ನೂರು ಜನರ ಲೆಕ್ಕ

ಈಗ ಶೇ. 15ರ ಅರ್ಥಕ್ಕೆ ಬರೋಣ. ಒಂದೇ ಥರದ ನೂರು ಜನರಲ್ಲಿ ಹತ್ತು ವರ್ಷದಲ್ಲಿ 10 ಮಂದಿಗೆ ಹೃದಯದ ತೊಂದರೆ ಆಗುತ್ತದೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಅಲೆಯ ವೇಗ ಸೆಕೆಂಡಿಗೆ 1 ಮೀಟರ್ ಹೆಚ್ಚಿರುವ ಇನ್ನೊಂದು ನೂರು ಜನರಲ್ಲಿ ಅದು 11 ಅಥವಾ 12 ಆಗಬಹುದು. ಉಳಿದ 88 ಮಂದಿಗೆ ಏನೂ ಆಗುವುದಿಲ್ಲ. ಆ 88ರಲ್ಲಿ ಯಾರು, 12ರಲ್ಲಿ ಯಾರು ಎಂದು ಯಂತ್ರಕ್ಕೆ ಗೊತ್ತಿಲ್ಲ.

ಈ ರೀತಿಯ ಯೋಚನೆಗೂ ಒಂದು ಚರಿತ್ರೆ ಇದೆ. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರನ್ನು ವರ್ಷಾನುವರ್ಷ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ರಕ್ತದೊತ್ತಡ, ಕೊಲೆಸ್ಟರಾಲ್ ಮೊದಲಾದವನ್ನು ‘ರಿಸ್ಕ್’ ಎಂಬ ಪದದೊಂದಿಗೆ ಜೋಡಿಸಿದ ಅದರ ಪ್ರಸಿದ್ಧ ವರದಿ 1961ರದು. ಆ ಜೋಡಿಪದ ಕನ್ನಡಕ್ಕೆ ಬಂದದ್ದು ‘ಅಪಾಯಕಾರಿ ಅಂಶ’ ಅಂತ. ಇಂಗ್ಲಿಷಿನ ಪದದಲ್ಲಿ ‘ಆಗಬಹುದು, ಆಗದಿರಬಹುದು’ ಎಂಬ ಲೆಕ್ಕ ಇದೆ. ನಮ್ಮ ‘ಅಪಾಯ’ದಲ್ಲಿ ಅದಿಲ್ಲ. ಅಪಾಯ ಅಂದರೆ ಎದುರಿಗೆ ನಿಂತದ್ದು, ಹಾವಿನ ಹಾಗೆ.

ಗಡಿಯ ಪದಗಳು

ನನ್ನ ತಪ್ಪು ಇಲ್ಲಿದೆ. ಚೀಟಿಯಲ್ಲಿದ್ದ ಮಲಯಾಳ ಪದ ‘ಅಪಕಟಸಾಧ್ಯತ’. ಅಪಕಟ ಅಂದರೆ ಅಪಾಯ, ಅನಾಹುತ. ಸಾಧ್ಯತ ಅಂದರೆ ನಮ್ಮ ಸಾಧ್ಯತೆಯೇ. ಮಲಯಾಳ ಎರಡು ಪದ ಕೂಡಿಸಿ ರಿಸ್ಕಿನ ಅರ್ಥವನ್ನು ಸರಿಯಾಗಿಯೇ ಕಟ್ಟಿದೆ. ನಾನು ಮೊದಲ ಅರ್ಧವನ್ನು ಮಾತ್ರ ಕನ್ನಡಕ್ಕೆ ದಾಟಿಸಿದೆ. ಎರಡನೆಯ ಅರ್ಧ ಕನ್ನಡದಲ್ಲಿಯೂ ಇರುವ ಪದ, ನನಗೆ ಗೊತ್ತಿರುವ ಪದ. ಆದರೂ ಬಿಟ್ಟೆ. ಅಜ್ಜನ ಒಂದು ವರ್ಷದ ಆಟ ಹೋದದ್ದು ಆ ಅರ್ಧ ಪದದಿಂದ.

ಇದು ನಮ್ಮೊಬ್ಬರ ಮನೆಯ ಕತೆ ಅಲ್ಲ ಅಂತ ನನಗೆ ಅನ್ನಿಸ್ತದೆ. ಆದೋನಿ, ರಾಯದುರ್ಗದ ಗೆಳೆಯರು ತೆಲುಗು ಪತ್ರಿಕೆಯಲ್ಲಿ ಹೃದಯಾಘಾತದ ‘ಮುಪ್ಪು’ ಎಂದು ಓದಿರ್ತೀರಿ. ತೆಲುಗಿನಲ್ಲಿ ಅದು ಅಪಾಯ, ಕನ್ನಡದಲ್ಲಿ ಮುದಿತನ. ರಕ್ತನಾಳದ ವಯಸ್ಸಿನ ಚೀಟಿಯ ಪಕ್ಕದಲ್ಲಿ ಆ ಪದ ಬಂದರೆ ನಮ್ಮ ಹಿರಿಯರು ಏನೆಂದು ತಿಳಿಯಬೇಕು? ತೆಲುಗಿನ ‘ಪ್ರಮಾದಂ’ ಗಂಡಾಂತರ. ನಮ್ಮ ಪ್ರಮಾದ ದೊಡ್ಡ ತಪ್ಪು. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಮರಾಠಿಯ ‘ಧೋಕಾ’ ಅಪಾಯ. ಆಡುಗನ್ನಡದಲ್ಲಿ ಅದೇ ಪದ ಮೋಸ. ‘ನರ’ ಎಂಬ ಒಂದೇ ಮಾತಿನಲ್ಲಿ ನಾವು ರಕ್ತನಾಳವನ್ನೂ ನರತಂತುವನ್ನೂ ಹೇಳ್ತೇವೆ. ಮಲಯಾಳದ ‘ಞರಂಬು’ ಕೂಡ ಹಾಗೆಯೇ. “ನರ ಗಟ್ಟಿಯಾಗಿದೆ” ಅಂದರೆ ಒಬ್ಬರು ಪಾರ್ಶ್ವವಾಯು ಅಂದುಕೊಳ್ತಾರೆ, ಇನ್ನೊಬ್ಬರು ಶಕ್ತಿ ಬಂತು ಅಂದುಕೊಳ್ತಾರೆ. ಹಾಗಾಗಿ ‘ಧಮನಿ ಪೆಡಸಾಗಿದೆ’ ಎನ್ನುವುದು ಹೆಚ್ಚು ಸ್ಪಷ್ಟ ಎಂದು ನನ್ನ ಅಭಿಪ್ರಾಯ. ರಿಸ್ಕಿಗೆ ‘ಅಪಾಯದ ಸಾಧ್ಯತೆ’ ಎಂದು ಎರಡು ಪದವನ್ನೂ ಉಳಿಸಿಕೊಳ್ಳಬೇಕು. ಅದರ ಜೊತೆಗೆ ನೂರು ಜನರ ಲೆಕ್ಕವನ್ನು ಬಾಯಿಬಿಟ್ಟು ಹೇಳಬೇಕು.

ಗಡಿಭಾಗದಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಿ ಹೇಳುವ ಕೆಲಸ ಹೆಚ್ಚಾಗಿ ಬೀಳುವುದು ಮನೆಯಲ್ಲಿ ಓದಿದ ಮಕ್ಕಳ ಮೇಲೆ. ನಾವು ಅನುವಾದಶಾಸ್ತ್ರದ ಪತ್ರಿಕೆಯನ್ನು ಪರೀಕ್ಷೆಗೆ ಓದ್ತೇವೆ. ಆದರೆ ಅತಿ ಮುಖ್ಯವಾದ ಅನುವಾದವನ್ನು ಜಗಲಿಯಲ್ಲಿ ನಿಂತು, ತಯಾರಿಯಿಲ್ಲದೆ, ಒಂದು ನಿಮಿಷದಲ್ಲಿ ಮಾಡಿಬಿಡ್ತೇವೆ.

ಈ ಓದೆಲ್ಲ ಆದ ಮೇಲೆ ನಾನು ಅಜ್ಜನ ಹತ್ತಿರ ಕೂತು ಮತ್ತೊಮ್ಮೆ ಹೇಳಿದೆ. ಆ 77 ಆಯುಸ್ಸಿನ ಅಂಕಿ ಅಲ್ಲ, ಅಳತೆಯನ್ನು ಸರಾಸರಿ ಜನರ ಜೊತೆ ಹೋಲಿಸಿ ಬರೆದದ್ದು ಅಂದೆ. ನೂರು ಜನರ ಲೆಕ್ಕವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದ್ರೆ ಆ ನೂರರಲ್ಲಿ ನಾನು ಎಲ್ಲಿ ಕೂತದ್ದು?” ಹೆರೋಫಿಲಸನ ನೀರ ಗಡಿಯಾರದಿಂದ ಇವತ್ತಿನ ಯಂತ್ರದವರೆಗೆ ಯಾರೂ ಉತ್ತರಿಸದ ಪ್ರಶ್ನೆ ಅದು. “ಅದು ಗೊತ್ತಾಗುದಿಲ್ಲ ಅಜ್ಜ, ಬಿಪಿ ನೋಡಿಸುವ, ಅಷ್ಟು ನಮ್ಮ ಕೈಯಲ್ಲಿ ಉಂಟು” ಅಂದೆ. ಮರುದಿನ ಹೋಗಿ ನೋಡಿಸಿದೆವು, ಒತ್ತಡ ಹೆಚ್ಚಿತ್ತು. ಈಗ ಮಾತ್ರೆ ತೆಗೆದುಕೊಳ್ತಾರೆ, ತೋಟಕ್ಕೆ ಇಳಿಯುತ್ತಾರೆ. ಈ ಸಲ ಆಟಕ್ಕೂ ಬಂದಿದ್ದರು.

ಕೊನೆಗೆ ಒಂದು ಕೋರಿಕೆ. ನಿಮ್ಮ ನಿಮ್ಮ ಊರಿನ ಹಿರಿಯರ ಚೀಟಿಗಳಲ್ಲಿ ‘ರಿಸ್ಕ್’ ಎಂಬುದಕ್ಕೆ ಯಾವ ಪದ ಇದೆ, ಮನೆಯಲ್ಲಿ ಅದನ್ನು ಕನ್ನಡಕ್ಕೆ ಹೇಗೆ ಹೇಳಿದರು ಎಂದು ಬರೆದಿಟ್ಟುಕೊಂಡು ಮುಂದಿನ ಗೋಷ್ಠಿಗೆ ತನ್ನಿ. ಹೆಸರು ಬೇಡ, ಪದ ಸಾಕು.